ಕಾಗದದಿಂದ ಬೇರ್ಪಟ್ಟ ನಕ್ಷೆ

ಕಾಗದದ ನಕ್ಷೆ ಏಕಕಾಲಕ್ಕೆ ಎರಡು ಕೆಲಸ ಮಾಡುತ್ತಿತ್ತು. ನೆಲದ ಬಗ್ಗೆ ತಿಳಿದದ್ದನ್ನೆಲ್ಲ ಕೂಡಿಡುವ ಕಣಜವೂ ಅದೇ, ತಿಳಿದದ್ದನ್ನು ಕಣ್ಣಿಗೆ ಕಾಣಿಸುವ ಚಿತ್ರವೂ ಅದೇ. ಎರಡು ಹೊರೆಯನ್ನೂ ಒಂದೇ ಹಾಳೆ ಹೊರಬೇಕಾದ್ದರಿಂದ ಒಂದಕ್ಕಾಗಿ ಇನ್ನೊಂದನ್ನು ಬಿಟ್ಟುಕೊಡುವುದು ಅನಿವಾರ್ಯವಾಗಿತ್ತು. ವಿವರ ಹೆಚ್ಚಿದರೆ ಚಿತ್ರ ಕಲಸಿಹೋಗುತ್ತಿತ್ತು. ಚಿತ್ರ ತಿಳಿಯಾಗಿರಬೇಕೆಂದರೆ ವಿವರ ಕೈಬಿಡಬೇಕಿತ್ತು. 1960ರ ದಶಕದಿಂದ ಈಚೆಗೆ ನಕ್ಷಾಶಾಸ್ತ್ರದಲ್ಲಿ ಆದ ದೊಡ್ಡ ಬದಲಾವಣೆಯೆಂದರೆ ಈ ಎರಡು ಕೆಲಸಗಳು ಬೇರೆ ಬೇರೆಯಾದದ್ದು. ನೆಲದ ಮಾಹಿತಿ ಅಂಕಿಗಳಾಗಿ ಕಂಪ್ಯೂಟರಿನಲ್ಲಿ ಉಳಿಯತೊಡಗಿತು. ಬೇಕೆಂದಾಗ, ಬೇಕಾದ ಅಳತೆಯಲ್ಲಿ, ಬೇಕಾದಷ್ಟನ್ನೇ ತೋರಿಸುವ ಚಿತ್ರ ಅದರಿಂದ ಹುಟ್ಟತೊಡಗಿತು. ಹೀಗೆ ಸ್ಥಳದ ಗುರುತಿನೊಂದಿಗೆ ಮಾಹಿತಿಯನ್ನು ಕೂಡಿಟ್ಟು, ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಏರ್ಪಾಟಿಗೆ ಭೌಗೋಳಿಕ ಮಾಹಿತಿ ವ್ಯವಸ್ಥೆ, ಚಿಕ್ಕದಾಗಿ ಜಿಐಎಸ್ ಎಂದು ಹೆಸರು. ಚಿತ್ರ ಎಷ್ಟೇ ಚೊಕ್ಕವಾಗಿ ಮೂಡಿದರೂ ಅದರ ಹಿಂದಿನ ಅಂಕಿಗಳು ಎಲ್ಲಿಂದ ಬಂದವು, ಹೇಗೆ ಬಂದವು ಎಂಬುದರ ಮೇಲೆಯೇ ಅದರ ಬೆಲೆ ನಿಂತಿದೆ.

ಈ ಬೇರ್ಪಡೆಯ ಹಿಂದೆ ಇದ್ದದ್ದು ಖರ್ಚಿನ ಲೆಕ್ಕ. ಕೆನಡಾದ ಭೂಗೋಳಶಾಸ್ತ್ರಜ್ಞ ರಾಜರ್ ಟಾಮ್ಲಿನ್‌ಸನ್ ಒಟ್ಟಾವಾದ ವೈಮಾನಿಕ ಸರ್ವೇಕ್ಷಣ ಸಂಸ್ಥೆಯೊಂದರಲ್ಲಿದ್ದಾಗ ಕೆನ್ಯಾದಲ್ಲಿ ಮರ ಬೆಳೆಸಲು ತಕ್ಕ ಜಾಗ ಗುರುತಿಸುವ ಕೆಲಸ ಬಂತು. ಇಳಿಜಾರು, ಮಣ್ಣು, ಮಳೆ, ದಾರಿ ಹೀಗೆ ಒಂದೊಂದು ಸಂಗತಿಯನ್ನೂ ಪಾರದರ್ಶಕ ಹಾಳೆಗೆ ಇಳಿಸಿ, ಒಂದರ ಮೇಲೊಂದಿಟ್ಟು, ಎಲ್ಲ ಹಾಳೆಗಳೂ ಒಪ್ಪುವ ಜಾಗವನ್ನು ಕಣ್ಣಿನಿಂದ ಹುಡುಕುವುದು ಆಗಿನ ಕ್ರಮ. ಅಷ್ಟು ದೊಡ್ಡ ಪ್ರದೇಶಕ್ಕೆ ಕೈಯಿಂದ ಇದನ್ನು ಮಾಡುವ ಖರ್ಚು ತಾಳಲಾರದಷ್ಟಾಗುತ್ತಿತ್ತು. ಇದೇ ಕೆಲಸವನ್ನು ಕಂಪ್ಯೂಟರಿನಿಂದ ಮಾಡಿಸಬಹುದೆಂಬ ಟಾಮ್ಲಿನ್‌ಸನ್ ಅವರ ಯೋಚನೆಗೆ ಅವಕಾಶ ಸಿಕ್ಕಿದ್ದು ಕೆನಡಾದಲ್ಲೇ. ಕೆನಡಾ ಸರ್ಕಾರ ಸುಮಾರು 25 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಕೃಷಿ, ಅರಣ್ಯ, ವನ್ಯಜೀವಿ, ವಿಹಾರ ಎಂಬ ದೃಷ್ಟಿಗಳಿಂದ ವರ್ಗೀಕರಿಸಲು ಹೊರಟಿತ್ತು. ಇಡೀ ಕರ್ನಾಟಕದ ಹದಿಮೂರರಷ್ಟು ನೆಲ ಅದು. 1963ರ ಸುಮಾರಿಗೆ ಶುರುವಾದ ಕೆನಡಾ ಭೌಗೋಳಿಕ ಮಾಹಿತಿ ವ್ಯವಸ್ಥೆಯೇ ಜಗತ್ತಿನ ಮೊದಲ ಜಿಐಎಸ್. ನಕ್ಷೆಗಳನ್ನು ಅಂಕಿಗಳಾಗಿ ಓದಿಕೊಳ್ಳಲು ಐಬಿಎಂ ಕಂಪನಿ ದೊಡ್ಡ ಉರುಳೆಯ ಸ್ಕ್ಯಾನರನ್ನು ಅದಕ್ಕೆಂದೇ ಕಟ್ಟಿಕೊಟ್ಟಿತು. ಸ್ಕ್ಯಾನ್ ಆದದ್ದನ್ನು ಕಾಂತೀಯ ಟೇಪಿನಲ್ಲಿ ಯಾವ ಕ್ರಮದಲ್ಲಿ ಇಡಬೇಕೆಂಬುದು ಮುಂದಿನ ತೊಡಕು. ನೆಲಕ್ಕೆ ಉದ್ದ ಅಗಲಗಳಿವೆ, ಟೇಪಿಗೆ ಉದ್ದ ಮಾತ್ರ. ಐಬಿಎಂನ ಗೈ ಮಾರ್ಟನ್ 1966ರಲ್ಲಿ ನೆಲವನ್ನು ಚೌಕಗಳಾಗಿ, ಪ್ರತಿ ಚೌಕವನ್ನು ಮತ್ತೆ ನಾಲ್ಕಾಗಿ ಸೀಳುತ್ತ, ನೆಲದಲ್ಲಿ ಹತ್ತಿರವಿರುವುದು ಆದಷ್ಟೂ ಟೇಪಿನಲ್ಲೂ ಹತ್ತಿರವೇ ಬರುವಂತೆ ಅಂಕುಡೊಂಕಾಗಿ ಎಣಿಸುವ ವಿಧಾನ ಕಂಡುಹಿಡಿದರು. ಇಂದಿನ ದೊಡ್ಡ ದತ್ತಾಂಶ ಸಂಗ್ರಹಗಳಲ್ಲೂ ಈ ಎಣಿಕೆ ಬಳಕೆಯಲ್ಲಿದೆ.

ನೆಲವನ್ನು ಅಂಕಿಗಳಲ್ಲಿ ಬರೆಯಲು ಎರಡು ದಾರಿಗಳಿವೆ. ಒಂದು ವೆಕ್ಟರ್. ಇದರಲ್ಲಿ ಬಾವಿ ಒಂದು ಬಿಂದು, ರಸ್ತೆ ಬಿಂದುಗಳನ್ನು ಸೇರಿಸುವ ಗೆರೆ, ಕೆರೆ ಮುಚ್ಚಿದ ಬಹುಭುಜ. ಪ್ರತಿಯೊಂದಕ್ಕೂ ಒಂದು ಕೋಷ್ಟಕ ಅಂಟಿಕೊಂಡಿರುತ್ತದೆ: ಬಾವಿಯ ಆಳ, ರಸ್ತೆಯ ಅಗಲ, ಕೆರೆಯ ಹೆಸರು. ಇನ್ನೊಂದು ರಾಸ್ಟರ್. ನೆಲದ ಮೇಲೆ ಸಮನಾದ ಚೌಕಗಳ ಬಲೆ ಹಾಸಿ, ಒಂದೊಂದು ಚೌಕಕ್ಕೂ ಒಂದು ಬೆಲೆ ಕೊಡುವುದು. ಉಪಗ್ರಹದ ಚಿತ್ರ, ಉಷ್ಣಾಂಶ, ನೆಲದ ಎತ್ತರ ಇಂಥವಕ್ಕೆ ರಾಸ್ಟರ್ ಸಹಜ. ಆಸ್ತಿಯ ಗಡಿ, ಆಡಳಿತದ ಗಡಿ, ರಸ್ತೆಗಳ ಜಾಲ ಇಂಥವಕ್ಕೆ ವೆಕ್ಟರ್.

ಗೆರೆಗಳನ್ನು ಸುಮ್ಮನೆ ಕೂಡಿಟ್ಟರೆ ಮಾತ್ರ ಕಂಪ್ಯೂಟರಿಗೆ ನೆಲ ಅರ್ಥವಾಗುವುದಿಲ್ಲ. ಎರಡು ಹೊಲಗಳು ಒಂದೇ ಬದು ಹಂಚಿಕೊಂಡಿವೆ, ಈ ರಸ್ತೆ ಆ ರಸ್ತೆಯನ್ನು ಕೂಡುತ್ತದೆ ಎಂಬ ಸಂಬಂಧಗಳು ನೋಡುವ ಕಣ್ಣಿಗೆ ತಾನಾಗಿ ತಿಳಿಯುತ್ತವೆ; ಅಂಕಿಗಳಿಗೆ ಅವನ್ನು ಬಿಡಿಸಿ ಹೇಳಬೇಕು. ಅಮೆರಿಕದ ಜನಗಣತಿ ಇಲಾಖೆ 1970ರ ಗಣತಿಗಾಗಿ ನಗರಗಳ ಬೀದಿಗಳನ್ನು ದಾಖಲಿಸಿದಾಗ ಪ್ರತಿ ಬೀದಿಯ ತುಂಡಿಗೂ ಅದರ ಎರಡು ತುದಿ, ಎಡಕ್ಕಿರುವ ವಸತಿ ಖಂಡ, ಬಲಕ್ಕಿರುವ ವಸತಿ ಖಂಡ ಇವನ್ನು ಜೊತೆಗೇ ಬರೆದಿಟ್ಟಿತು. ಸ್ಥಳಸಂಬಂಧವನ್ನು ಹೀಗೆ ಬರಹಕ್ಕಿಳಿಸುವ ಕ್ರಮಕ್ಕೆ ಗಣಿತದ ಟೊಪಾಲಜಿ ಆಧಾರ. ಎಲ್ಲೋ ಒಂದು ಖಂಡ ಮುಚ್ಚಿಕೊಳ್ಳದೆ ಉಳಿದಿದ್ದರೆ, ಒಂದು ಬೀದಿ ಎಲ್ಲಿಗೂ ಕೂಡದೆ ನೇತಾಡುತ್ತಿದ್ದರೆ ಯಂತ್ರವೇ ಅದನ್ನು ಪತ್ತೆಹಚ್ಚಬಲ್ಲದಾಯಿತು. 1969ರಲ್ಲಿ ಕ್ಯಾಲಿಫೋರ್ನಿಯಾದ ರೆಡ್‌ಲ್ಯಾಂಡ್ಸ್‌ನಲ್ಲಿ ಜ್ಯಾಕ್ ಮತ್ತು ಲಾರಾ ಡೇಂಜರ್ಮಂಡ್ ಕಟ್ಟಿದ ಎಸ್ರಿ ಕಂಪನಿ 1982ರಲ್ಲಿ ಹೊರತಂದ ಆರ್ಕ್/ಇನ್ಫೋ ತಂತ್ರಾಂಶ ಈ ತತ್ತ್ವವನ್ನೇ ಮಾರುಕಟ್ಟೆಗೆ ತಂದಿತು. 2002ರಲ್ಲಿ ಗ್ಯಾರಿ ಶೆರ್ಮನ್ ಆರಂಭಿಸಿದ ಕ್ಯೂಜಿಐಎಸ್ ಇಂದು ಯಾರು ಬೇಕಾದರೂ ಹಣ ಕೊಡದೆ ಇಳಿಸಿಕೊಳ್ಳಬಹುದಾದ ಮುಕ್ತ ತಂತ್ರಾಂಶ. ತಾಲ್ಲೂಕು ಕಾಲೇಜಿನ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲೂ ಅದು ಓಡುತ್ತದೆ. ಈ ಕ್ಷೇತ್ರದಲ್ಲಿ ಆಗಿರುವ ಒಳ್ಳೆಯ ಕೆಲಸಗಳಲ್ಲಿ ಇದೊಂದು.

ಬಿಂದುವೊಂದನ್ನು ಅಕ್ಷಾಂಶ ರೇಖಾಂಶಗಳಲ್ಲಿ ಹೇಳಿದೊಡನೆ ಅದು ಭೂಮಿಯ ಮೇಲೆ ಒಂದೇ ಜಾಗವನ್ನು ತೋರಿಸುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅದು ಅರ್ಧ ಮಾತ್ರ ನಿಜ. ಧ್ರುವಗಳಲ್ಲಿ ಚಪ್ಪಟೆಯಾದ, ಒಳಗಿನ ದ್ರವ್ಯ ಸಮನಾಗಿ ಹರಡಿರದ ಭೂಮಿಗೆ ಬದಲಾಗಿ ಗಣಿತಕ್ಕೆ ಒಗ್ಗುವ ದೀರ್ಘವೃತ್ತಾಕಾರದ ಗೋಳವೊಂದನ್ನು ಕಲ್ಪಿಸಿಕೊಳ್ಳಬೇಕು. ಅದನ್ನು ನಿಜವಾದ ಭೂಮಿಗೆ ಎಲ್ಲಿ, ಹೇಗೆ ಹೊಂದಿಸಲಾಗಿದೆ ಎಂಬುದನ್ನು ಹೇಳುವ ಕರಾರಿಗೆ ಡೇಟಮ್ ಎನ್ನುತ್ತಾರೆ. ಡೇಟಮ್ ಬದಲಾದರೆ ಅದೇ ಅಂಕಿ ಬೇರೆ ಜಾಗವನ್ನು ತೋರಿಸುತ್ತದೆ.

ಭಾರತಕ್ಕೆ ಸಂಬಂಧಿಸಿದಂತೆ ಈ ಕಥೆ 1802ರಿಂದ ಶುರುವಾಗುತ್ತದೆ. ಆ ವರ್ಷ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆ ಅಳೆದು ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಕೈಹಾಕಿದರು. ಅದಕ್ಕೂ ಮುಂಚೆ, ಟಿಪ್ಪು ಸುಲ್ತಾನ್ ಮಡಿದ ಮೇಲೆ, ಅವರ ಕಣ್ಣು ಬಿದ್ದಿದ್ದು ಮೈಸೂರು ಸೀಮೆಯ ಮೇಲೆ. ಪರ್ಯಾಯ ದ್ವೀಪದ ಎರಡು ಕರಾವಳಿಗಳನ್ನು ಮೈಸೂರಿನ ಮೂಲಕ ತ್ರಿಕೋನಗಳಿಂದ ಬೆಸೆಯುವುದು ಅವರ ಮೂಲ ಯೋಜನೆಯಾಗಿತ್ತು. ಸರ್ವೇಕ್ಷಣೆಯ ಲೆಕ್ಕ ನಿಲ್ಲಲು ಒಂದು ಗೋಳಾಕಾರ ಬೇಕಲ್ಲ. ಲ್ಯಾಂಬ್ಟನ್ನರ ನಂತರ ಬಂದ ಜಾರ್ಜ್ ಎವರೆಸ್ಟ್ 1830ರಲ್ಲಿ ಅದನ್ನು ಗೊತ್ತುಮಾಡಿದರು. ಎವರೆಸ್ಟ್ ಗೋಳ ಭಾರತದ ನೆಲಕ್ಕೆ ಚೆನ್ನಾಗಿ ಕೂರುವಂತೆ ಆಯ್ದುಕೊಂಡದ್ದು. ಮಧ್ಯಪ್ರದೇಶದ ಕಲ್ಯಾಣಪುರ ಅದರ ಮೂಲಬಿಂದು. ಸರ್ವೆ ಆಫ್ ಇಂಡಿಯಾದ ಹಳೆಯ ಸ್ಥಳಾಕೃತಿ ಹಾಳೆಗಳೆಲ್ಲ ಇದರ ಮೇಲೆಯೇ ನಿಂತಿವೆ. ಉಪಗ್ರಹಗಳ ಕಾಲದಲ್ಲಿ ಇಡೀ ಜಗತ್ತಿಗೆ ಒಂದೇ ಗೋಳ ಬೇಕಾಯಿತು. ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಭೂಮಿಯ ದ್ರವ್ಯಕೇಂದ್ರವನ್ನೇ ತನ್ನ ಕೇಂದ್ರವಾಗಿ ಇಟ್ಟುಕೊಂಡಿದೆ. ಅದರ ಸಮಭಾಜಕ ತ್ರಿಜ್ಯ 6378137 ಮೀಟರ್. ಎವರೆಸ್ಟ್ ಗೋಳದ್ದು ಅದಕ್ಕಿಂತ 860 ಮೀಟರಿನಷ್ಟು ಕಡಿಮೆ. ಹೀಗಾಗಿ ಹಳೆಯ ಹಾಳೆಯಲ್ಲಿ ಓದಿದ ಅಕ್ಷಾಂಶ ರೇಖಾಂಶಗಳನ್ನು ಹಾಗೆಯೇ ಮೊಬೈಲಿಗೆ ಕೊಟ್ಟರೆ ಬೆಂಗಳೂರಿನ ಸುತ್ತಮುತ್ತ ನೂರು ಮೀಟರಿಗೂ ಹೆಚ್ಚು ಆಚೆಗಿನ ಜಾಗ ತೋರಿಸುತ್ತದೆ. ಕೆರೆಯ ಏರಿಯ ಮೇಲಿದ್ದ ಗುಡಿ ನೀರಿನ ನಡುವೆ ಹೋಗಿ ಕೂರಲು ಇಷ್ಟು ಸಾಕು. ಎರಡು ಅಂಕಿಗಳಲ್ಲಿ ಯಾವುದೂ ತಪ್ಪಲ್ಲ. ಯಾವ ಡೇಟಮ್ ಎಂದು ಬರೆದಿಡದಿರುವುದೇ ತಪ್ಪು. ಇಂದಿಗೂ ಸರ್ಕಾರಿ, ಖಾಸಗಿ ದತ್ತಾಂಶಗಳಲ್ಲಿ ಈ ಒಂದು ಸಾಲಿನ ಟಿಪ್ಪಣಿ ಕಾಣೆಯಾಗಿರುವುದು ವಿಷಾದದ ಸಂಗತಿ.

ಎತ್ತರದ ವಿಷಯದಲ್ಲಿ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಜಿಪಿಎಸ್ ಕೊಡುವ ಎತ್ತರ ಗಣಿತದ ಗೋಳದಿಂದ ಅಳೆದದ್ದು. ನೀರು ಹರಿಯುವುದು ಗುರುತ್ವ ಹೇಳಿದಂತೆ. ಅದಕ್ಕೆ ಬೇಕಾದದ್ದು ಸಮುದ್ರಮಟ್ಟದ ಕಲ್ಪಿತ ಮುಂದುವರಿಕೆಯಾದ ಜಿಯಾಯ್ಡ್‌ನಿಂದ ಅಳೆದ ಎತ್ತರ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಜಿಯಾಯ್ಡ್ ಗೋಳಕ್ಕಿಂತ 100 ಮೀಟರಿಗೂ ಹೆಚ್ಚು ಕೆಳಗಿದೆ. ಜಗತ್ತಿನ ಅತಿ ಆಳದ ಗುರುತ್ವದ ತಗ್ಗು ಅದು. ಅದರ ಪ್ರಭಾವ ದಕ್ಷಿಣ ಭಾರತದವರೆಗೂ ಚಾಚಿರುವುದರಿಂದ ಬೆಂಗಳೂರಿನಲ್ಲಿ ಎರಡು ಎತ್ತರಗಳ ನಡುವೆ 80 ಮೀಟರಿಗೂ ಹೆಚ್ಚು ಅಂತರವಿದೆ. ತಿದ್ದುಪಡಿ ಮಾಡದ ಎತ್ತರವನ್ನು ನಂಬಿ ಕಾಲುವೆ ತೋಡಿದರೆ ನೀರು ಯಾವ ಕಡೆ ಹೋದೀತೆಂದು ಹೇಳಲಾಗದು.

ಅಂಕಿಗಳು ನಿಂತ ನೆಲವೂ ನಿಂತಲ್ಲಿ ನಿಂತಿಲ್ಲ. ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಶಾಶ್ವತ ಜಿಪಿಎಸ್ ನೆಲೆ ಈ ಚಲನೆಯನ್ನು ದಶಕಗಳಿಂದ ದಾಖಲಿಸುತ್ತ ಬಂದಿದೆ. ಇನ್ನೂ ವೇಗವಾಗಿ ಸರಿಯುವ ಆಸ್ಟ್ರೇಲಿಯಾ 1994ರ ತನ್ನ ಡೇಟಮ್ ಬಿಟ್ಟು 2020ರದ್ದಕ್ಕೆ ಬಂದಾಗ ದೇಶದ ಎಲ್ಲ ಬಿಂದುಗಳ ಅಂಕಿಗಳೂ ಸುಮಾರು 1.8 ಮೀಟರ್ ಸರಿದವು. ಅಂಕಿಗಳಲ್ಲಿ ಬದುಕುವ ನಕ್ಷೆಗೆ ತಾರೀಖೂ ಬೇಕು.

ಇನ್ನು ಉಳಿದದ್ದು ಗೋಳವನ್ನು ಪರದೆಯ ಮೇಲೆ ಬಿಡಿಸುವ ಪ್ರಕ್ಷೇಪ. ಗೋಳವನ್ನು ಹಿಗ್ಗಿಸದೆ, ಹರಿಯದೆ ಚಪ್ಪಟೆ ಮಾಡಲು ಬರುವುದಿಲ್ಲ. ಆಕಾರ ಉಳಿಸಿಕೊಂಡರೆ ವಿಸ್ತೀರ್ಣ ಕೆಡುತ್ತದೆ, ವಿಸ್ತೀರ್ಣ ಉಳಿಸಿಕೊಂಡರೆ ಆಕಾರ ಕೆಡುತ್ತದೆ. 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ಹಡಗಿನವರ ದಿಕ್ಕಿನ ಅನುಕೂಲಕ್ಕೆ ಮಾಡಿದ ಪ್ರಕ್ಷೇಪದಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕರಷ್ಟಿದೆ. ಮೊಬೈಲಿನ ನಕ್ಷೆಗಳು ಬಳಸುವುದು ಇದರದೇ ಸರಳ ರೂಪವಾದ ವೆಬ್ ಮರ್ಕೇಟರ್ ಅನ್ನು. ದೋಷ ಧ್ರುವದ ಕಡೆಯ ದೇಶಗಳದ್ದಷ್ಟೇ ಎಂದು ಭಾವಿಸುವಂತಿಲ್ಲ. ಕರ್ನಾಟಕದೊಳಗೇ ಚಾಮರಾಜನಗರದ ಒಂದು ಎಕರೆಗಿಂತ ಬೀದರಿನ ಒಂದು ಎಕರೆ ಈ ನಕ್ಷೆಯಲ್ಲಿ ಸುಮಾರು ಶೇ. 6ರಷ್ಟು ದೊಡ್ಡದಾಗಿ ಮೂಡುತ್ತದೆ. ಆದ್ದರಿಂದ ವಿಸ್ತೀರ್ಣ ಅಳೆಯುವವರು ಈ ಚಿತ್ರದ ಮೇಲೆ ಅಳೆಯದೆ ಯುಟಿಎಂನಂಥ ಪ್ರಕ್ಷೇಪಕ್ಕೆ ಬದಲಿಸಿಕೊಳ್ಳುತ್ತಾರೆ. ಅದು ಭೂಮಿಯನ್ನು 6 ಡಿಗ್ರಿ ಅಗಲದ 60 ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯೊಳಗೆ ದೋಷವನ್ನು ತೀರ ಕಡಿಮೆ ಮಾಡುತ್ತದೆ. 78ನೇ ರೇಖಾಂಶದಲ್ಲಿ ಪಟ್ಟಿ ಬದಲಾಗುವುದರಿಂದ ಕರ್ನಾಟಕದ ಬಹುಭಾಗ 43ನೆಯದರಲ್ಲೂ ಕೋಲಾರ, ಮುಳಬಾಗಿಲು, ಕೆಜಿಎಫ್ 44ನೆಯದರಲ್ಲೂ ಬೀಳುತ್ತವೆ. ಇಡೀ ರಾಜ್ಯದ ಕೆಲಸ ಮಾಡುವವರು ಈ ಸೀಳನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಅಂಕಿಗಳು ಬರುವ ದೊಡ್ಡ ಮೂಲ ಆಕಾಶ. 1972ರ ಜುಲೈ 23ರಂದು ಅಮೆರಿಕ ಹಾರಿಸಿದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹದ ಒಂದು ಪಿಕ್ಸೆಲ್ ನೆಲದ ಮೇಲೆ ಸುಮಾರು 80 ಮೀಟರ್ ಚೌಕ, ಅಂದರೆ ಒಂದೂವರೆ ಎಕರೆ. ಭಾರತದ ಐಆರ್‌ಎಸ್-1ಎ 1988ರ ಮಾರ್ಚ್ 17ರಂದು ಬೈಕನೂರಿನಿಂದ ಮೇಲೇರಿತು. 2015ರಲ್ಲಿ ಐರೋಪ್ಯ ಒಕ್ಕೂಟದ ಸೆಂಟಿನೆಲ್-2 ಸರಣಿ ಆರಂಭವಾಯಿತು; ಅದರ ಪಿಕ್ಸೆಲ್ 10 ಮೀಟರ್ ಚೌಕ. ಒಂದು ಗುಂಟೆಯೆಂದರೆ 33 ಅಡಿ ಚೌಕ, ಎಂದರೆ 10 ಮೀಟರಿಗೆ ಕೂದಲೆಳೆಯಷ್ಟು ಹೆಚ್ಚು. ನಲವತ್ತು ಗುಂಟೆ ಎಣಿಸಿ ಎಕರೆ ಎನ್ನುವ ರೈತನ ಅಳತೆಯೂ ಈ ಉಪಗ್ರಹದ ಅಳತೆಯೂ ಹೀಗೆ ಒಂದೇ ಆಗಿವೆ. ಎರಡು ಉಪಗ್ರಹಗಳು ಸೇರಿ ಐದು ದಿನಕ್ಕೊಮ್ಮೆ ಅದೇ ಗುಂಟೆಯನ್ನು ನೋಡುತ್ತವೆ, ಚಿತ್ರಗಳನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಹಸಿರೆಲೆ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬಹಳವಾಗಿ ಹಿಂತಿರುಗಿಸುತ್ತದೆ, ಕೆಂಪನ್ನು ಹೀರಿಕೊಳ್ಳುತ್ತದೆ. ಎರಡರ ಅನುಪಾತ ನೋಡಿದರೆ ಬೆಳೆ ಸೊರಗಿದೆಯೋ ತುಂಬಿ ನಿಂತಿದೆಯೋ ತಿಳಿಯುತ್ತದೆ. ಮುಂಗಾರಿನಲ್ಲಿ ಮೋಡ ಕವಿದಾಗ ಈ ಕಣ್ಣು ಮುಚ್ಚುತ್ತದೆ. ಆಗ ರೇಡಾರ್ ಉಪಗ್ರಹಗಳೇ ಗತಿ. ಭಾರತದ ಕಾರ್ಟೊಸ್ಯಾಟ್-3 (2019) 30 ಸೆಂಟಿಮೀಟರಿಗಿಂತ ಸಣ್ಣ ವಿವರಗಳನ್ನೂ ಬಿಡಿಸಿ ನೋಡಬಲ್ಲದು.

ನೆಲದ ಮೇಲೆ ನಿಂತವರಿಗೆ ತಾವೆಲ್ಲಿದ್ದೇವೆಂದು ಹೇಳುವುದು ಜಿಪಿಎಸ್ ಮತ್ತು ಅದರ ಸಹೋದರ ವ್ಯವಸ್ಥೆಗಳು. 20200 ಕಿ.ಮೀ. ಎತ್ತರದ ಉಪಗ್ರಹದಿಂದ ಹೊರಟ ಸಂಕೇತ ತಲುಪಲು ಹಿಡಿದ ಹೊತ್ತಿನಿಂದ ದೂರ ತಿಳಿಯುತ್ತದೆ. ಮೂರು ದೂರಗಳು ಜಾಗವನ್ನು ಗೊತ್ತುಮಾಡುತ್ತವೆ. ಮೊಬೈಲಿನ ಅಗ್ಗದ ಗಡಿಯಾರದ ದೋಷ ಕಳೆಯಲು ನಾಲ್ಕನೆಯ ಉಪಗ್ರಹ ಬೇಕು. ಒಂದು ನ್ಯಾನೊಸೆಕೆಂಡಿನ ತಪ್ಪು 30 ಸೆಂಟಿಮೀಟರಿನ ತಪ್ಪಿಗೆ ಸಮ. 2000ದ ಮೇ ತಿಂಗಳಲ್ಲಿ ಅಮೆರಿಕ ಉದ್ದೇಶಪೂರ್ವಕವಾಗಿ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿದ ಮೇಲೆ ಸಾಮಾನ್ಯರ ಬಳಕೆಗೂ ಈ ವ್ಯವಸ್ಥೆ ಹೆಚ್ಚು ನಿಖರವಾಗಿ ಒದಗಿತು. ಬಯಲಿನಲ್ಲಿ ಮೊಬೈಲು ಐದಾರು ಮೀಟರಿನೊಳಗೆ ಜಾಗ ಹೇಳುತ್ತದೆ. ಶಾಶ್ವತ ನೆಲೆಗಳಿಂದ ಕ್ಷಣಕ್ಷಣಕ್ಕೂ ತಿದ್ದುಪಡಿ ಪಡೆಯುವ ಸರ್ವೆ ಉಪಕರಣ ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ಸರ್ವೆ ಆಫ್ ಇಂಡಿಯಾ ಇಂಥ ನೆಲೆಗಳ ಜಾಲವನ್ನು ದೇಶದ ಉದ್ದಗಲಕ್ಕೂ ಹರಡಿದೆ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನುಗಳು ಊರೊಳಗಿನ ಮನೆಜಾಗಗಳನ್ನು ಅಳೆದದ್ದು ಈ ಜಾಲದ ಬಲದಿಂದ. ಮೊದಲ ಹಂತಕ್ಕೆ ಆಯ್ದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಗ್ರಾಮಠಾಣದ ಮನೆಗಳಿಗೆ ಅಲ್ಲಿಯವರೆಗೆ ಹೊಲದಂತೆ ಸರ್ವೆ ನಂಬರು, ನಕ್ಷೆ ಇರಲಿಲ್ಲ ಎಂಬುದನ್ನು ನೆನೆದರೆ ಈ ಕೆಲಸದ ತೂಕ ತಿಳಿಯುತ್ತದೆ.

ಮೂರನೆಯ ಮೂಲ ಜನ. 2004ರಲ್ಲಿ ಲಂಡನ್ನಿನ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರು ಬೇಕಾದರೂ ರಸ್ತೆ, ಬಾವಿ, ಶಾಲೆ ಸೇರಿಸಬಹುದು. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ ರಾಜಧಾನಿ ಪೋರ್ಟ್-ಔ-ಪ್ರಿನ್ಸ್‌ಗೆ ಬಳಸಬಹುದಾದ ವಿವರವಾದ ನಕ್ಷೆಯೇ ಇರಲಿಲ್ಲ. ಬೇರೆ ಬೇರೆ ದೇಶಗಳಲ್ಲಿ ಕೂತ ನೂರಾರು ಸ್ವಯಂಸೇವಕರು ಹೊಸ ಉಪಗ್ರಹ ಚಿತ್ರಗಳನ್ನು ನೋಡಿ ಕೆಲವೇ ದಿನಗಳಲ್ಲಿ ಬೀದಿ ಬೀದಿಯನ್ನೂ ಬಿಡಿಸಿದರು, ಪರಿಹಾರದ ತಂಡಗಳು ಅದನ್ನೇ ಹಿಡಿದು ನಡೆದವು. ಭಾರತದಲ್ಲಿ ನಕ್ಷೆ ಮಾಡುವುದಕ್ಕೆ ಬಹುಕಾಲ ಸರ್ಕಾರದ ಅನುಮತಿಯ ಬೇಲಿಗಳಿದ್ದವು. 2021ರ ಫೆಬ್ರವರಿ 15ರ ಮಾರ್ಗಸೂಚಿಗಳು ಅವುಗಳಲ್ಲಿ ಬಹಳಷ್ಟನ್ನು ತೆಗೆದುಹಾಕಿದವು. ತಡವಾಗಿ ಬಂದರೂ ಸರಿಯಾದ ಹೆಜ್ಜೆ ಅದು.

ಹೊಸದಾಗಿ ಅಳೆದದ್ದನ್ನು ಸೇರಿಸುವುದು ಸುಲಭ. ಹಳೆಯ ಕಾಗದವನ್ನು ಅಂಕಿಗೆ ಇಳಿಸುವುದೇ ಕಠಿಣ, ಜಿಐಎಸ್‌ನ ಬೆಲೆ ತಿಳಿಯುವುದೂ ಅಲ್ಲೇ. ಕರ್ನಾಟಕದ ಜಮೀನಿನ ದಾಖಲೆ ಇದಕ್ಕೆ ತಕ್ಕ ಉದಾಹರಣೆ. 2000ದ ಆಸುಪಾಸಿನಲ್ಲಿ ಜಾರಿಗೆ ಬಂದ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ದೇಶದಲ್ಲೇ ಮುಂಚೂಣಿಯ ಕೆಲಸ ಅದು. ಆದರೆ ಪಹಣಿಯಲ್ಲಿ ಇರುವುದು ಬರಹ: ಯಾರ ಹೆಸರು, ಎಷ್ಟು ಎಕರೆ, ಎಷ್ಟು ಗುಂಟೆ, ಯಾವ ಬೆಳೆ. ಆ ಎಕರೆ ನೆಲದ ಮೇಲೆ ಎಲ್ಲಿದೆ ಎಂಬುದನ್ನು ಹೇಳುವುದು ಟಿಪ್ಪಣಿ ಪುಸ್ತಕ ಮತ್ತು ಗ್ರಾಮ ನಕ್ಷೆ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಗ್ರಾಮ ನಕ್ಷೆಗಳನ್ನು ಸ್ಕ್ಯಾನ್ ಮಾಡಿ, ಗೆರೆಗಳನ್ನು ವೆಕ್ಟರಿಗೆ ಇಳಿಸಿ, ಉಪಗ್ರಹ ಚಿತ್ರದ ಮೇಲೆ ಹೊಂದಿಸಿತು. ಅದರ ಫಲವೇ ದಿಶಾಂಕ್ ಆ್ಯಪ್. ಹೊಲದಲ್ಲಿ ನಿಂತು ಮೊಬೈಲು ತೆರೆದರೆ ಕಾಲಕೆಳಗಿನ ಸರ್ವೆ ನಂಬರು ಕಾಣುತ್ತದೆ.

ಈ ಅನುಕೂಲದೊಳಗೆ ಅಡಗಿರುವ ಮಿತಿಯನ್ನು ಬಿಡಿಸಿ ನೋಡಬೇಕು. ಗ್ರಾಮ ನಕ್ಷೆಯ ಸಾಮಾನ್ಯ ಅಳತೆ ಒಂದಕ್ಕೆ 7920. ಅಂದರೆ ಹಾಳೆಯ ಒಂದು ಅಂಗುಲ ನೆಲದ 660 ಅಡಿಗೆ ಸಮ. ಹಾಳೆಯ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಶಾಯಿಗೆರೆ ನೆಲದ ಮೇಲೆ ಸುಮಾರು 4 ಮೀಟರ್ ಅಗಲ ಮುಚ್ಚುತ್ತದೆ. ಗುಂಟೆಯ ಒಂದು ಬದಿ 10 ಮೀಟರ್. 30×40 ಅಡಿಯ ನಿವೇಶನದ ಅಗಲ 9 ಮೀಟರಿಗೆ ತುಸು ಹೆಚ್ಚು. ಗಡಿಯ ಗೆರೆಯ ದಪ್ಪವೇ ನಿವೇಶನದ ಅಗಲದ ಅರ್ಧಕ್ಕೆ ಸಮೀಪ ಬಂದರೆ, ಗೆರೆಯ ಯಾವ ಅಂಚು ನಿಜವಾದ ಬದು ಎಂದು ಹೇಳುವವರು ಯಾರು? ಹಾಳೆ ದಶಕಗಳ ಕಾಲ ಮಡಚಿ, ಬಿಚ್ಚಿ, ತೇವಕ್ಕೆ ಹಿಗ್ಗಿ ಕುಗ್ಗಿದ್ದರೆ ಮತ್ತೊಂದಿಷ್ಟು ದೋಷ ಕೂಡುತ್ತದೆ. ಪ್ರತಿ ಗ್ರಾಮವನ್ನೂ ಪ್ರತ್ಯೇಕವಾಗಿ ಅಳೆದು ಬರೆದದ್ದರಿಂದ ಅಕ್ಕಪಕ್ಕದ ಎರಡು ಗ್ರಾಮಗಳ ಅಂಚುಗಳನ್ನು ಕೂಡಿಸಿದಾಗ ಕೆಲವೆಡೆ ನೆಲ ಎರಡೂ ಕಡೆಗೆ ಸೇರುತ್ತದೆ, ಕೆಲವೆಡೆ ಯಾರಿಗೂ ಸೇರದ ಸಪೂರ ಸೀಳು ಉಳಿಯುತ್ತದೆ. ಇದರ ಮೇಲೆ ಪೋಡಿಯಾಗದ ಹಿಸ್ಸೆಗಳು: ಅಣ್ಣತಮ್ಮಂದಿರು ಹೊಲ ಹಂಚಿಕೊಂಡು ಪಹಣಿಯಲ್ಲಿ ಹೆಸರು ಬರೆಸಿಕೊಂಡಿದ್ದರೂ ಸರ್ವೆಯಾಗದೆ ನಕ್ಷೆಯಲ್ಲಿ ಅದು ಇನ್ನೂ ಒಂದೇ ತುಂಡು.

ಮೊಬೈಲಿನ ಪರದೆ ಇದಾವುದನ್ನೂ ತೋರಿಸುವುದಿಲ್ಲ. ಎಷ್ಟು ದೊಡ್ಡದು ಮಾಡಿ ನೋಡಿದರೂ ಗೆರೆ ಕೂದಲಿನಷ್ಟೇ ತೆಳ್ಳಗಿರುತ್ತದೆ, ಅದರ ಕೆಳಗೆ ಬದುವಿನ ಪ್ರತಿ ಮರವೂ ಕಾಣುತ್ತದೆ. ಹಳೆಯ ಹಾಳೆಯ ದಪ್ಪ ಗೆರೆ ತನ್ನ ಮಿತಿಯನ್ನು ತಾನೇ ಹೇಳುತ್ತಿತ್ತು. ಅಂಕಿಗಳಾದ ಮೇಲೆ ಆ ಪ್ರಾಮಾಣಿಕತೆ ಕಳೆದುಹೋಗಿದೆ. ಆದ್ದರಿಂದಲೇ ಹದ್ದುಬಸ್ತು ಮಾಡಿಸಬೇಕಾದವರು ಇಂದಿಗೂ ಭೂಮಾಪಕರನ್ನೇ ಕರೆಯಬೇಕು. ಮೂಲ ಟಿಪ್ಪಣಿಯ ಅಳತೆ ಮತ್ತು ನೆಲದ ಮೇಲಿನ ಕಲ್ಲು ಎರಡನ್ನೂ ತಾಳೆನೋಡಿ ನಿರ್ಣಯಿಸುವ ಕೆಲಸಕ್ಕೆ ಆ್ಯಪ್ ಬದಲಿಯಾಗಲಾರದು. ಪ್ರತಿ ಗೆರೆಯ ಜೊತೆಗೂ ಅದು ಯಾವ ಮೂಲದಿಂದ ಬಂತು, ಎಷ್ಟು ಮೀಟರ್ ಆಚೀಚೆ ಇರಬಹುದು ಎಂಬುದನ್ನು ಪರದೆಯ ಮೇಲೇ ಕಾಣಿಸುವ ಕ್ರಮ ಬರಬೇಕು. ತಾಂತ್ರಿಕವಾಗಿ ಅದಕ್ಕೆ ಅಡ್ಡಿಯೇನೂ ಇಲ್ಲ.

ಪದರಗಳು ಒಂದೇ ಅಳತೆಗೆ ಬಂದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಕೆರೆಯ ಅಂಚಿನಿಂದ ಇಂತಿಷ್ಟು ಮೀಟರಿನೊಳಗೆ ಎಷ್ಟು ಕಟ್ಟಡಗಳಿವೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹತ್ತು ಕಿ.ಮೀ.ಗೂ ದೂರವಿರುವ ಹಳ್ಳಿಗಳು ಯಾವುವು ಎಂಬಂಥವು ಸರಳ ಪ್ರಶ್ನೆಗಳು. ರಸ್ತೆಯ ಜಾಲದಲ್ಲಿ ಕಿರಿದಾದ ದಾರಿ ಹುಡುಕುವ ಮೂಲ ವಿಧಾನವನ್ನು ಡಚ್ ವಿಜ್ಞಾನಿ ಎಡ್ಸ್‌ಖರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದರು. ಟ್ಯಾಕ್ಸಿ ಆ್ಯಪ್‌ಗಳು ಅದರ ವೇಗದ ಸಂತತಿಯನ್ನೇ ನೆಚ್ಚಿವೆ.

ನೀರಿನ ಪ್ರಶ್ನೆ ಹೆಚ್ಚು ಅರ್ಥಪೂರ್ಣ. 2000ದ ಫೆಬ್ರವರಿಯಲ್ಲಿ ಎಂಡೆವರ್ ಅಂತರಿಕ್ಷ ನೌಕೆ ಹನ್ನೊಂದು ದಿನಗಳಲ್ಲಿ ಭೂಮಿಯ ಬಹುಭಾಗದ ಎತ್ತರವನ್ನು ರೇಡಾರಿನಿಂದ ಅಳೆಯಿತು. ಸುಮಾರು 30 ಮೀಟರ್ ಚೌಕಗಳ ಈ ಎತ್ತರದ ಬಲೆಯಲ್ಲಿ ಪ್ರತಿ ಚೌಕದ ನೀರೂ ಸುತ್ತಲಿನ ಎಂಟರಲ್ಲಿ ಅತಿ ಕಡಿದಾದ ಇಳಿಜಾರಿನ ಚೌಕಕ್ಕೆ ಹರಿಯುತ್ತದೆಂದು ಇಟ್ಟುಕೊಂಡರೆ ಹಳ್ಳ, ಹೊಳೆ, ಜಲಾನಯನದ ಗಡಿ ಎಲ್ಲ ಲೆಕ್ಕದಿಂದಲೇ ಮೂಡಿಬರುತ್ತವೆ. ಬೆಂಗಳೂರಿನ ಮೇಲೆ ಹೀಗೆ ಮಾಡಿದರೆ ದಿಣ್ಣೆಯೊಂದರ ಬೆನ್ನಿನ ಮೇಲೆ ಊರು ಕೂತಿರುವುದು ಸ್ಪಷ್ಟವಾಗುತ್ತದೆ. ವೃಷಭಾವತಿ ಕಣಿವೆಯ ನೀರು ಅರ್ಕಾವತಿಯ ಮೂಲಕ ಕಾವೇರಿಗೆ, ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳದ್ದು ದಕ್ಷಿಣ ಪಿನಾಕಿನಿಗೆ. ಕೆರೆಗಳು ಸರಣಿಯಾಗಿ ಒಂದರ ಕೆಳಗೊಂದು ಇರುವುದೂ, ನಡುವಿನ ರಾಜಕಾಲುವೆ ಮುಚ್ಚಿದರೆ ಯಾವ ಬಡಾವಣೆ ಮುಳುಗುತ್ತದೆಂಬುದೂ ತಿಳಿಯುತ್ತದೆ. ಆದರೆ ಆ ರೇಡಾರ್ ಕಂಡದ್ದು ಮರಗಳ ತಲೆ, ಮನೆಗಳ ತಾರಸಿ. ಐದಾರು ಮೀಟರ್ ಅಗಲದ ಕಾಲುವೆ 30 ಮೀಟರ್ ಚೌಕದಲ್ಲಿ ಕಳೆದೇಹೋಗುತ್ತದೆ. ಬಡಾವಣೆಯ ಮಟ್ಟದಲ್ಲಿ ನೆರೆಯ ಲೆಕ್ಕ ಹಾಕಲು ವಿಮಾನದಿಂದ ಲೇಸರ್ ಬೀರಿ ಅಳೆದ ಎತ್ತರವೇ ಬೇಕು.

ಅಳೆಯದ ಜಾಗದ ಬೆಲೆಯನ್ನು ಅಳೆದ ಜಾಗಗಳಿಂದ ಊಹಿಸುವುದು ಇನ್ನೊಂದು ಬಗೆಯ ಪ್ರಶ್ನೆ. ಹತ್ತಿರದವು ದೂರದವಕ್ಕಿಂತ ಹೆಚ್ಚು ಸಂಬಂಧ ಹೊಂದಿರುತ್ತವೆ ಎಂಬ ವಾಲ್ಡೊ ಟಾಬ್ಲರ್ ಅವರ 1970ರ ಸೂತ್ರ ಇದಕ್ಕೆ ಬುನಾದಿ. ಪಶ್ಚಿಮ ಘಟ್ಟ ಈ ಸೂತ್ರವನ್ನು ಪರೀಕ್ಷೆಗೆ ಒಡ್ಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮೇಲ್ಪಟ್ಟು ಮಳೆ, ನೂರು ಕಿ.ಮೀ. ಒಳಗಿರುವ ಶಿವಮೊಗ್ಗ ನಗರದಲ್ಲಿ 1000 ಮಿ.ಮೀ. ಆಸುಪಾಸು. ಎರಡರ ನಡುವೆ ದೂರವನ್ನಷ್ಟೇ ನೋಡಿ ಮಳೆ ಹಂಚಿದರೆ ನಕ್ಷೆ ಪೂರ್ತಿ ಸುಳ್ಳಾಗುತ್ತದೆ. ಘಟ್ಟದ ಎತ್ತರವನ್ನೂ ಗಾಳಿಗೆ ಮುಖ ಮಾಡಿದ ಇಳಿಜಾರನ್ನೂ ಲೆಕ್ಕಕ್ಕೆ ಸೇರಿಸಿದಾಗಲೇ ಅದು ನಿಜಕ್ಕೆ ಹತ್ತಿರವಾಗುವುದು.

ಉತ್ತರ ಚಿತ್ರವಾಗುವ ಹಂತದಲ್ಲೂ ಹಲವು ನಿರ್ಣಯಗಳಿವೆ. 2005ರ ಫೆಬ್ರವರಿಯಲ್ಲಿ ಬಂದ ಗೂಗಲ್ ಮ್ಯಾಪ್ಸ್ ಜಗತ್ತನ್ನು 256 ಪಿಕ್ಸೆಲ್ ಚೌಕದ ಬಿಲ್ಲೆಗಳಾಗಿ ಕತ್ತರಿಸಿ, ಕಣ್ಣಿಗೆ ಬೇಕಾದ ಬಿಲ್ಲೆಗಳನ್ನಷ್ಟೇ ಕಳಿಸುವ ಕ್ರಮವನ್ನು ಜನಪ್ರಿಯಗೊಳಿಸಿತು. ಸೊನ್ನೆಯ ಮಟ್ಟದಲ್ಲಿ ಇಡೀ ಜಗತ್ತು ಒಂದೇ ಬಿಲ್ಲೆ. ಪ್ರತಿ ಮಟ್ಟಕ್ಕೂ ಒಂದು ನಾಲ್ಕಾಗುತ್ತ 18ನೇ ಮಟ್ಟದಲ್ಲಿ 6800 ಕೋಟಿಗೂ ಹೆಚ್ಚು. ದೂರದಿಂದ ನೋಡುವಾಗ ಗೆರೆಗಳ ಸಣ್ಣ ತಿರುವುಗಳನ್ನು ಬಿಡಬೇಕು. ಡೇವಿಡ್ ಡಗ್ಲಸ್, ಥಾಮಸ್ ಪಾಯ್ಕರ್ 1973ರಲ್ಲಿ ಕೊಟ್ಟ ವಿಧಾನ ಅದಕ್ಕೆ ಹೆಸರಾಗಿದೆ. ಬಣ್ಣ ತುಂಬುವಾಗ ಗಡಿಯ ಆಯ್ಕೆಯೇ ಚಿತ್ರವನ್ನು ಬದಲಿಸುತ್ತದೆ. ಜಿಲ್ಲಾವಾರು ಮಳೆಯ ನಕ್ಷೆಯಲ್ಲಿ ಕರಾವಳಿಯ ಹೊನ್ನಾವರಕ್ಕೂ ಘಟ್ಟದಾಚೆಯ ಹಳಿಯಾಳಕ್ಕೂ ಒಂದೇ ಬಣ್ಣ, ಎರಡೂ ಉತ್ತರ ಕನ್ನಡವೇ ಆದ್ದರಿಂದ. ನಿಜವಾಗಿ ಮಳೆಯಲ್ಲಿ ಎರಡು ಪಟ್ಟಿಗೂ ಹೆಚ್ಚು ಅಂತರವಿದೆ. ತಾಲ್ಲೂಕುವಾರು ಬಣ್ಣ ತುಂಬಿದೊಡನೆ ಅದು ಬೇರೆಯದೇ ನಕ್ಷೆ.

ಊರ ಹೆಸರುಗಳನ್ನು ಕನ್ನಡದಲ್ಲಿ ಮೂಡಿಸುವುದು ಕೊನೆಯ ಕೆಲಸ, ಸಣ್ಣದಲ್ಲ. ಹೊಸ ವೆಕ್ಟರ್ ಬಿಲ್ಲೆಗಳಲ್ಲಿ ಹೆಸರು ಚಿತ್ರವಾಗಿ ಬರದೆ ಅಕ್ಷರಗಳ ಸಂಕೇತವಾಗಿ ಬರುತ್ತದೆ, ಬರೆಯುವುದು ಮೊಬೈಲು. ಲಕ್ಷ್ಮೇಶ್ವರ ಎಂಬುದು ಯುನಿಕೋಡಿನಲ್ಲಿ 11 ಸಂಕೇತಗಳು, ಕಣ್ಣಿಗೆ ನಾಲ್ಕೇ ಅಕ್ಷರ. ಒಂದು ಸಂಕೇತಕ್ಕೆ ಒಂದು ಆಕಾರ ಎಂದು ಎಣಿಸಿ ಕಟ್ಟಿದ ತಂತ್ರಾಂಶಗಳಲ್ಲಿ ಒತ್ತಕ್ಷರಗಳು ಬಹುಕಾಲ ಒಡೆದು ಬಿಡಿಬಿಡಿಯಾಗಿ ಬಿದ್ದಿರುತ್ತಿದ್ದವು. ದತ್ತಾಂಶದಲ್ಲಿ ಹೆಸರಿಗೆ ಭಾಷೆಗೊಂದು ಖಾನೆ ಇರುವುದರಿಂದ 2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದಾಗ ಬಹುಪಾಲು ಕಡೆ ಒಂದು ಖಾನೆಯನ್ನು ತಿದ್ದಿದರೆ ಸಾಕಾಗಿತ್ತು. ಅಲ್ಲಿ ಕನ್ನಡದ ಖಾನೆ ಮೊದಲಿನಂತೆಯೇ ಉಳಿಯಿತು. ಆದರೆ ಸಾವಿರಾರು ಹಳ್ಳಿಗಳಿಗೆ ಆ ಖಾನೆ ಖಾಲಿ ಇದ್ದು, ರೋಮನ್ ಬರಹದಿಂದ ಯಂತ್ರವೇ ಕನ್ನಡಕ್ಕೆ ತಿರುಗಿಸಿದ ಹೆಸರು ಅದರ ಜಾಗದಲ್ಲಿ ಕೂರುತ್ತದೆ. ರೋಮನ್ನಿನಲ್ಲಿ ಲ-ಳ, ನ-ಣ, ಹ್ರಸ್ವ-ದೀರ್ಘಗಳ ಭೇದ ಉಳಿಯದಿರುವುದರಿಂದ ಅದು ತಪ್ಪುವುದೇ ಹೆಚ್ಚು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಕನ್ನಡ ಸ್ವಯಂಸೇವಕರು ಈ ಖಾನೆಗಳನ್ನು ಊರಿನವರು ಬರೆಯುವ ರೂಪದಲ್ಲೇ ಒಂದೊಂದಾಗಿ ತುಂಬುತ್ತಿದ್ದಾರೆ.